ಪಿಟೀಲು: ಕುಣಿತದ ಕಣದಿಂದ ಕಚೇರಿಯ ವೇದಿಕೆಗೆ

ಬೀದರಿನಿಂದ ಔರಾದಿಗೆ ಹೋಗುವ ದಾರಿಯ ಸಂತಪುರ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುವ ಸೀಮೆ. ಇಲ್ಲಿ ಒಂದೇ ಗಾದೆ ನಾಲ್ಕು ವೇಷ ತೊಡುತ್ತದೆ. ರೋಮ್ ಹತ್ತಿ ಉರಿಯುವಾಗ ನೀರೋ ಚಕ್ರವರ್ತಿ ಏನು ಮಾಡುತ್ತಿದ್ದ? ಕನ್ನಡದವರು ಪಿಟೀಲು ಬಾರಿಸುತ್ತಿದ್ದ ಎನ್ನುತ್ತಾರೆ. ಮರಾಠಿಯವರ ಬಾಯಲ್ಲಿ ಅದು ಫಿಡಲ್, ತೆಲುಗಿನಲ್ಲಿ ಫಿಡೇಲು. ಉರ್ದುವಿನಲ್ಲಿ ಮಾತ್ರ ಅದೇ ನೀರೋ ಬಾನ್ಸುರಿ, ಎಂದರೆ ಕೊಳಲು ಊದುತ್ತಾನೆ. ಉರ್ದು, ಹಿಂದಿಗಳಲ್ಲಿ ನೆಮ್ಮದಿಯಿಂದ ಕಾಲ ಕಳೆಯುವುದಕ್ಕೆ ‘ಚೈನ್ ಕೀ ಬನ್ಸಿ ಬಜಾನಾ’ ಎಂಬ ನುಡಿಗಟ್ಟು ಮೊದಲೇ ಇತ್ತು. ಆ ನುಡಿಗಟ್ಟಿಗೆ ಒಗ್ಗುವಂತೆ ನೀರೋನ ಕೈಗೆ ಕೊಳಲು ಬಂದಿರಬೇಕು. ಉಳಿದ ಮೂರು ಭಾಷೆಗಳು ಇಂಗ್ಲಿಷಿನ ಫಿಡಲ್ ಪದವನ್ನೇ ತಮ್ಮ ತಮ್ಮ ಉಚ್ಚಾರಕ್ಕೆ ತಿರುಗಿಸಿಕೊಂಡವು.

ಇತಿಹಾಸ ಕೇಳಿದರೆ ಆ ರಾತ್ರಿ ಪಿಟೀಲೂ ಇರಲಿಲ್ಲ, ಕೊಳಲೂ ಇರಲಿಲ್ಲ. ರೋಮಿಗೆ ಬೆಂಕಿ ಬಿದ್ದದ್ದು ಕ್ರಿ.ಶ. 64ರ ಜುಲೈನಲ್ಲಿ. ಬೆಂಕಿ ಹತ್ತಿದಾಗ ನೀರೋ ಊರಲ್ಲೇ ಇರಲಿಲ್ಲ, ಆಂಟಿಯಮ್ ಎಂಬ ಕಡಲತೀರದ ಪಟ್ಟಣದಲ್ಲಿದ್ದ ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ನೀರೋ ನುಡಿಸುತ್ತಿದ್ದದ್ದು ಕಿಥಾರಾ ಎಂಬ, ಮೀಟಿ ನುಡಿಸುವ ತಂತಿವಾದ್ಯ. ಇಂದು ನಾವು ಕಾಣುವ ಪಿಟೀಲು ರೂಪ ತಳೆದದ್ದು ಅದಕ್ಕೆ ಸುಮಾರು 1500 ವರ್ಷಗಳ ನಂತರ, 16ನೇ ಶತಮಾನದಲ್ಲಿ, ಉತ್ತರ ಇಟಲಿಯ ಕ್ರೆಮೋನಾ, ಬ್ರೆಷಿಯಾ ಊರುಗಳಲ್ಲಿ. ಇಂಗ್ಲಿಷರು ನೀರೋನ ಕೈಗೆ ತಮ್ಮೂರಿನ ವಾದ್ಯ ಕೊಟ್ಟರು, ನಮ್ಮ ಶಾಲೆಗಳು ಅದನ್ನು ಹಾಗೆಯೇ ಒಪ್ಪಿಕೊಂಡವು.

ಆದರೆ ಕನ್ನಡ ಇದಕ್ಕೆ ತನ್ನದೊಂದನ್ನು ಸೇರಿಸಿತು. ನಮ್ಮಲ್ಲಿ ವೀಣೆಯನ್ನು ನುಡಿಸುತ್ತಾರೆ, ಕೊಳಲನ್ನು ಊದುತ್ತಾರೆ, ಹಲಗೆಯನ್ನು ಬಾರಿಸುತ್ತಾರೆ. ತಂತಿವಾದ್ಯಕ್ಕೆ ಸಲ್ಲಬೇಕಾದ ಕ್ರಿಯೆ ನುಡಿಸುವುದು. ನೀರೋನ ವಿಷಯ ಬಂದಾಗ ಅದು ‘ಬಾರಿಸು’ ಆಯಿತು. “ಮನಿ ಹತ್ತಿ ಉರೀಲತ್ತದ, ಇಂವ ಪಿಟೀಲ್ ಬಾರಿಸ್ಲತ್ತಾನ” ಎಂದಾಗ ಸಿಟ್ಟೆಲ್ಲ ಆ ಕ್ರಿಯಾಪದದಲ್ಲೇ ಇರುತ್ತದೆ. ಮೈಸೂರಿನ ಕಡೆಯ ಪ್ರಸಿದ್ಧ ಪಿಟೀಲು ವಿದ್ವಾಂಸ ಚೌಡಯ್ಯನವರ ಬಗ್ಗೆ ಮಾತಾಡುವಾಗ ಸಾಮಾನ್ಯವಾಗಿ ಯಾರೂ ಬಾರಿಸಿದರು ಎನ್ನುವುದಿಲ್ಲ, ನುಡಿಸಿದರು ಎನ್ನುತ್ತಾರೆ. ಒಂದೇ ವಾದ್ಯಕ್ಕೆ ಗೌರವವನ್ನೂ ಅಗೌರವವನ್ನೂ ಕನ್ನಡ ಹೀಗೆ ಕ್ರಿಯಾಪದದಿಂದ ಬೇರ್ಪಡಿಸಿತು. ಈ ಏರಿಳಿತ ಪಿಟೀಲು ಎಂಬ ಪದದ ಬಾಳಿನುದ್ದಕ್ಕೂ ಇದೆ.

ಮೂಲಕ್ಕೆ ಹೋದರೆ, ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ಫಿಥೆಲೆ. ಜರ್ಮನ್ ಭಾಷೆಯಲ್ಲಿ ಫೀಡೆಲ್, ಉತ್ತರದ ನಾರ್ಸ್ ಭಾಷೆಯಲ್ಲಿ ಫಿಥ್ಲ. ಇವೆಲ್ಲ ಮಧ್ಯಯುಗದ ಲ್ಯಾಟಿನ್ನಿನ ‘ವಿಟುಲ’ ಎಂಬ ಪದದಿಂದ ಬಂದಿರಬೇಕೆಂಬುದು ಭಾಷಾಪಂಡಿತರಲ್ಲಿ ಹೆಚ್ಚಿನವರ ಅಭಿಪ್ರಾಯ. ಹಿಗ್ಗುವುದು, ಹಬ್ಬ ಮಾಡುವುದು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದಕ್ಕೂ ಅದಕ್ಕೂ ನಂಟು ಕಲ್ಪಿಸುತ್ತಾರೆ. ಅದೇ ವಿಟುಲ ಇನ್ನೊಂದು ದಾರಿಯಲ್ಲಿ ನಡೆದು ವಿಯೋಲ ಆಯಿತು, ವಿಯೋಲದ ಚಿಕ್ಕ ರೂಪವಾಗಿ ಇಟಲಿಯಲ್ಲಿ ವಿಯೋಲಿನೊ ಹುಟ್ಟಿತು, ಅದು ಇಂಗ್ಲಿಷಿಗೆ ವಯೊಲಿನ್ ಆಗಿ ಬಂತು. ಈ ವಿವರಣೆಯಂತೆ ಫಿಡಲ್, ವಯೊಲಿನ್ ಎರಡೂ ಒಂದೇ ತಾಯಿಯ ಮಕ್ಕಳು. ಒಂದು ಹಳ್ಳಿಯಲ್ಲಿ ಬೆಳೆಯಿತು, ಇನ್ನೊಂದು ಅರಮನೆಯಲ್ಲಿ.

ಫಿಡಲ್ ಕನ್ನಡದಲ್ಲಿ ಪಿಟೀಲು ಆದ ಬಗೆಯಲ್ಲಿ ನಮ್ಮ ಭಾಷೆಯ ಕಾಲಗಣನೆಯೇ ಅಡಗಿದೆ. ಕನ್ನಡಕ್ಕೆ ಸ್ವಂತ ‘ಫ’ಕಾರದ ಉಚ್ಚಾರವಿಲ್ಲ. ಹೊರಗಿನಿಂದ ಬಂದಾಗ ಜನರ ನಾಲಗೆ ಅದನ್ನು ‘ಪ’ ಮಾಡುತ್ತದೆ. ಪಾರಸಿಯ ಫಿರ್ಯಾದಿ ಪಿರ್ಯಾದಿಯಾಯಿತು, ಫೌಜು ಪೌಜಾಯಿತು, ಇಂಗ್ಲಿಷಿನ ಆಫೀಸು ಆಪೀಸಾಯಿತು. ಹೀಗೆ ಫಿ ಎಂಬುದು ಪಿ ಆಯಿತು. ಕೊನೆಯ ಲಕಾರಕ್ಕೆ ಉಕಾರ ಸೇರಿತು, ಜೈಲು, ರೈಲು, ಮೈಲುಗಳಂತೆ. ಇಂಗ್ಲಿಷಿನಲ್ಲಿ ಸ್ವರವೇ ಇಲ್ಲದೆ ಲಕಾರಕ್ಕೆ ಜಾರುವ ಎರಡನೆಯ ಅಕ್ಷರ ನಮ್ಮಲ್ಲಿ ‘ಟೀ’ ಎಂದು ನೀಳವಾಯಿತು. ಡಕಾರ ಟಕಾರವಾಗಿರುವುದು ತಮಿಳಿನ ದಾರಿಯನ್ನು ಸೂಚಿಸುತ್ತದೆ ಎಂದು ನನಗನಿಸುತ್ತದೆ. ತಮಿಳು ಲಿಪಿಯಲ್ಲಿ ಈ ಎರಡಕ್ಕೂ ಒಂದೇ ಅಕ್ಷರ, ಮತ್ತು ವಾದ್ಯ ನಮ್ಮ ಸಂಗೀತಕ್ಕೆ ಬಂದದ್ದೂ ಮದರಾಸು, ತಂಜಾವೂರುಗಳ ಕಡೆಯಿಂದ.

ಪಕಾರ ಉಳಿದದ್ದರಲ್ಲೂ ಒಂದು ಸಾಕ್ಷಿಯಿದೆ. ಹಳಗನ್ನಡದ ಪಾಲ್, ಪೂ, ಪುಲಿ, ಪಾಡು ನಡುಗನ್ನಡದ ಕಾಲಕ್ಕೆ ಹಾಲು, ಹೂ, ಹುಲಿ, ಹಾಡು ಆದವು. ಪಿಟೀಲು ಸಾವಿರ ವರ್ಷದ ಹಿಂದೆ ಬಂದಿದ್ದರೆ ಅದೂ ಹಿಟೀಲು ಆಗಿ ಹಾಡಿನ ಜೊತೆ ನಿಲ್ಲುತ್ತಿತ್ತು. ಆ ಬದಲಾವಣೆಯ ಅಲೆ ಮುಗಿದು ಶತಮಾನಗಳಾದ ಮೇಲೆ ಬಂದದ್ದರಿಂದ ಪಕಾರ ಹಾಗೇ ಉಳಿಯಿತು.

ಈಗ ಈ ಪದದ ತವರು ಹೇಗಿತ್ತು ನೋಡೋಣ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಫಿಡಲ್ ಎಂದರೆ ಕುಣಿತದ ವಾದ್ಯ. ಸುಗ್ಗಿ ಮುಗಿದಾಗ, ಮದುವೆಯಲ್ಲಿ, ಜಾತ್ರೆಯಲ್ಲಿ, ಹೆಂಡದಂಗಡಿಯ ಮೂಲೆಯಲ್ಲಿ ಒಬ್ಬ ಫಿಡಲಿನವನು ನಿಂತರೆ ಸಾಕು, ಎದುರಿಗೆ ಗಂಡು ಹೆಣ್ಣು ಎರಡು ಸಾಲಾಗಿ ನಿಂತು ಕುಣಿಯುತ್ತಿದ್ದರು. ಜಾನ್ ಪ್ಲೇಫರ್ಡ್ ಎಂಬ ಪ್ರಕಾಶಕ 1651ರಲ್ಲಿ ‘ದಿ ಇಂಗ್ಲಿಷ್ ಡಾನ್ಸಿಂಗ್ ಮಾಸ್ಟರ್’ ಎಂಬ ಪುಸ್ತಕ ತಂದ. ಅದರಲ್ಲಿ 105 ಕುಣಿತಗಳ ಹೆಜ್ಜೆಗಳೂ ಮಟ್ಟುಗಳೂ ಇದ್ದವು. ಇಂಥ ಕುಣಿತದ ಮಟ್ಟುಗಳಲ್ಲಿ ಹೆಚ್ಚು ಬಳಕೆಗೆ ಬಂದ ಕಟ್ಟು ಒಂದೇ. ಎರಡು ಭಾಗ, ಒಂದೊಂದು ಭಾಗಕ್ಕೆ ಎಂಟು ಆವರ್ತ, ಪ್ರತಿಯೊಂದನ್ನೂ ಎರಡೆರಡು ಸಲ ನುಡಿಸಿದರೆ ಒಟ್ಟು 32. ಅಷ್ಟರಲ್ಲಿ ಕುಣಿಯುವ ಜೋಡಿಗಳು ಒಂದು ಸುತ್ತು ಮುಗಿಸಿ ಹೊಸ ಜಾಗಕ್ಕೆ ಬಂದಿರುತ್ತವೆ, ಮಟ್ಟು ಮತ್ತೆ ಮೊದಲಿನಿಂದ ಶುರು. ಕಟ್ಟಿದವರ ಹೆಸರು ಮರೆತುಹೋಗುತ್ತಿತ್ತು, ಮಟ್ಟು ಉಳಿಯುತ್ತಿತ್ತು. ಒಂದೂರಿನಿಂದ ಇನ್ನೊಂದೂರಿಗೆ ಹೋಗುವಾಗ ಅದರ ಹೆಸರು ಬದಲಾಗುತ್ತಿತ್ತು, ಒಂದೆರಡು ಸ್ವರಗಳೂ ಬದಲಾಗುತ್ತಿದ್ದವು. ಹಳ್ಳಿಯ ಕವಿ ಜಾನ್ ಕ್ಲೇರ್ ಸ್ವತಃ ಫಿಡಲ್ ನುಡಿಸುತ್ತಿದ್ದ, ಇಂಥ ಮಟ್ಟುಗಳನ್ನು ಕೈಯಾರೆ ಬರೆದಿಟ್ಟ. ಕಾದಂಬರಿಕಾರ ಥಾಮಸ್ ಹಾರ್ಡಿ ಹುಡುಗನಾಗಿದ್ದಾಗ ತಂದೆಯ ಜೊತೆ ಮದುವೆಮನೆಗಳಲ್ಲಿ ಕುಣಿತಕ್ಕೆ ಫಿಡಲ್ ನುಡಿಸಿದವನು.

ಇಷ್ಟು ಪ್ರೀತಿಯ ವಾದ್ಯದ ಹೆಸರು ಅಲ್ಲಿಯೇ ಕೆಳಗಿಳಿಯಿತು. ಎರಡನೇ ಚಾರ್ಲ್ಸ್ 1660ರಲ್ಲಿ ಮತ್ತೆ ಸಿಂಹಾಸನಕ್ಕೆ ಬಂದಾಗ ಫ್ರಾನ್ಸಿನ ದೊರೆಯನ್ನು ನೋಡಿ ತನ್ನ ಆಸ್ಥಾನದಲ್ಲೂ 24 ವಯೊಲಿನ್‌ಗಳ ಮೇಳ ಕಟ್ಟಿದ. ವಾದ್ಯ ಒಂದೇ ಆದರೂ ಅರಮನೆಯಲ್ಲಿ ವಯೊಲಿನ್, ಹೆಂಡದಂಗಡಿಯಲ್ಲಿ ಫಿಡಲ್ ಎಂಬ ಭೇದ ಬರಬರುತ್ತ ಗಟ್ಟಿಯಾಯಿತು. ಫಿಡಲ್ ಎಂದರೆ ಕೆಲಸವಿಲ್ಲದೆ ಕೈಯಾಡಿಸುವುದು, ಲೆಕ್ಕದಲ್ಲಿ ಮೋಸ ಮಾಡುವುದು ಎಂಬ ಅರ್ಥಗಳೂ ಇಂಗ್ಲಿಷಿನಲ್ಲಿ ಹುಟ್ಟಿಕೊಂಡವು. ನುಡಿಸುವ ಬಡವರ ಮೇಲಿನ ತಾತ್ಸಾರ ಅವರ ವಾದ್ಯದ ಹೆಸರಿಗೂ ಅಂಟಿತು.

ಅದೇ ಪದ ಕಡಲು ದಾಟಿ ನಮ್ಮಲ್ಲಿಗೆ ಬಂದಾಗ ಅದರ ಹಣೆಬರಹ ಬದಲಾಯಿತು. ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡ್ ಇತ್ತು. ಕೋಟೆಯ ಸಂಗೀತ ಕೇಳಿ ಬೆಳೆದವರಲ್ಲಿ ಮುತ್ತುಸ್ವಾಮಿ ದೀಕ್ಷಿತರೂ ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರೂ ಇದ್ದರು. ಬಾಲುಸ್ವಾಮಿ ಯುರೋಪಿನ ವಾದಕರೊಬ್ಬರಿಂದ ಪಿಟೀಲು ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಮುತ್ತುಸ್ವಾಮಿ ದೀಕ್ಷಿತರು ಕೋಟೆಯ ಕಡೆಯಿಂದ ಕೇಳಿದ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ತೊಡಿಸಿದರು. ಹೀಗೆ ಹುಟ್ಟಿದ ಸುಮಾರು 40 ರಚನೆಗಳಿಗೆ ನೊಟ್ಟುಸ್ವರ ಎಂದು ಹೆಸರು. ಇಂಗ್ಲಿಷಿನ ನೋಟ್ ಇಲ್ಲಿ ನೊಟ್ಟು ಆಗಿ ನಮ್ಮ ಸ್ವರದ ಜೊತೆ ಸಮಾಸವಾಯಿತು. ಇವೆಲ್ಲ ಶಂಕರಾಭರಣದ ಸ್ವರಗಳಲ್ಲಿವೆ, ಗಮಕಗಳ ಭಾರವಿಲ್ಲದೆ ನೇರವಾಗಿ ಸಾಗುತ್ತವೆ, ಆದ್ದರಿಂದ ಮಕ್ಕಳಿಗೆ ಸುಲಭ. ‘ಸಂತತಂ ಪಾಹಿಮಾಂ’ ಎಂಬುದು ಬ್ರಿಟನ್ನಿನ ರಾಜಗೀತೆಯ ಮಟ್ಟಿನಲ್ಲಿದೆ. ‘ಜಗದೀಶ ಗುರುಗುಹ’ ಸ್ಕಾಟ್‌ಲೆಂಡಿನ ಲಾರ್ಡ್ ಮ್ಯಾಕ್‌ಡೊನಾಲ್ಡ್ಸ್ ರೀಲ್ ಎಂಬ ಕುಣಿತದ ಮಟ್ಟು. ‘ಕಮಲಾಸನ ವಂದಿತ’ ಗ್ಯಾಲೊಪೀಡ್ ಎಂಬ ಮಟ್ಟನ್ನು ಹೊತ್ತಿದೆ. ಇಂಗ್ಲೆಂಡಿನ ಫಿಡಲಿಗರು ಇಂದಿಗೂ ಕುಣಿತಕ್ಕೆ ಗ್ಯಾಲೊಪೀಡ್ ನುಡಿಸುತ್ತಾರೆ. ಅಲ್ಲಿ ಅದಕ್ಕೆ ಜೋಡಿಗಳು ಕೈಹಿಡಿದು ಸಾಲಿನುದ್ದ ಓಡುತ್ತವೆ, ಇಲ್ಲಿ ಸಂಗೀತದ ಪಾಠ ಕಲಿಯುವ ಮಗು ದೇವಿಯನ್ನು ನೆನೆದು ಅದನ್ನೇ ಹಾಡುತ್ತದೆ. ಸುಬ್ಬರಾಮ ದೀಕ್ಷಿತರು 1905ರಲ್ಲಿ ಮೊದಲ ಪಾಠಗಳ ಪುಸ್ತಕದಲ್ಲಿ ಇಂಥ ರಚನೆಗಳನ್ನು ಅಚ್ಚು ಮಾಡಿಸಿದ್ದರಿಂದ ಅವು ಉಳಿದವು.

ಹೊರಗಿನ ಮಟ್ಟಿಗೆ ದೇವರ ಸಾಹಿತ್ಯ ಕಟ್ಟುವುದು ನಮ್ಮ ಬೀದರ ಸೀಮೆಯವರಿಗೆ ಹೊಸ ಮಾತಲ್ಲ. ಇಲ್ಲಿನ ಭಜನಾ ಮೇಳಗಳಲ್ಲಿ ತತ್ವಪದ, ದಾಸರ ಪದಗಳ ಜೊತೆಗೆ ಸಿನಿಮಾ ಹಾಡಿನ ಧಾಟಿಯ ಪದಗಳೂ ನಡೆಯುತ್ತವೆ. ಹಾಡುವವರ ವಹಿಯಲ್ಲಿ ಪದದ ನೆತ್ತಿಯ ಮೇಲೆ ಇಂಥ ಧಾಟಿ ಎಂದು ಬರೆದಿರುತ್ತದೆ. ಧಾಟಿ ಗೊತ್ತಿದ್ದವರು ಹೊಸ ಪದವನ್ನು ಆ ಕ್ಷಣವೇ ಹಿಡಿದು ಹಾಡುತ್ತಾರೆ. ದೀಕ್ಷಿತರು ಮದರಾಸಿನಲ್ಲಿ ಮಾಡಿದ್ದೂ ಇದೇ ಕೆಲಸ. ಹುಮನಾಬಾದ್ ಬಳಿಯ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು 19ನೇ ಶತಮಾನದಲ್ಲಿ ಮರಾಠಿ, ಕನ್ನಡ, ಹಿಂದುಸ್ತಾನಿಗಳಲ್ಲಿ ಪದಗಳನ್ನು ಕಟ್ಟಿದರು. ಭಾಷೆಯಿಂದ ಭಾಷೆಗೆ ಹಾಡು ದಾಟುವುದು ಈ ಮಣ್ಣಿನ ಗುಣ.

ಈ ಗುಣ ಇನ್ನೂ ಹಳೆಯದು. ಇದೇ ಜಿಲ್ಲೆಯ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದಾಗ, 1126ರಿಂದ 1138ರವರೆಗೆ ಆಳಿದ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ಬರೆದ. ಗೀತ, ವಾದ್ಯ, ನೃತ್ಯಗಳಿಗೆ ಅದರಲ್ಲಿ ಬೇರೆ ಬೇರೆ ಅಧ್ಯಾಯಗಳೇ ಇವೆ, ದೇಶಭಾಷೆಯ ಹಾಡುಗಳಿಗೂ ಜಾಗವಿದೆ. ಕೆಲವೇ ದಶಕಗಳ ನಂತರ ಅದೇ ಕಲ್ಯಾಣದಲ್ಲಿ ಶರಣ ಕಿನ್ನರಿ ಬೊಮ್ಮಯ್ಯ ಇದ್ದ. ಕಿನ್ನರಿ ಎಂಬ ತಂತಿವಾದ್ಯ ಅವನ ಹೆಸರಿಗೇ ಸೇರಿಕೊಂಡಿದೆ. ವಾದ್ಯದ ಹೆಸರನ್ನು ಮನುಷ್ಯನ ಹೆಸರಿನ ಮುಂದಿಟ್ಟು ಗೌರವಿಸುವ ಪದ್ಧತಿ ಕನ್ನಡದಲ್ಲಿ ಎಂಟುನೂರು ವರ್ಷ ಮೀರಿದ್ದು ಎಂಬುದನ್ನು ನೆನಪಿಡೋಣ.

ತಂತಿಯನ್ನು ಕಮಾನಿನಿಂದ ಉಜ್ಜಿ ನಾದ ಹೊರಡಿಸುವುದೂ ನಮಗೆ ತೀರಾ ಹೊಸದಾಗಿರಲಿಲ್ಲ. 13ನೇ ಶತಮಾನದಲ್ಲಿ ದೇವಗಿರಿಯಲ್ಲಿದ್ದ ಶಾರ್ಙ್ಗದೇವ ತನ್ನ ‘ಸಂಗೀತ ರತ್ನಾಕರ’ದಲ್ಲಿ ಬಿಲ್ಲಿನಿಂದ ನುಡಿಸುವ ಪಿನಾಕಿ ವೀಣೆಯನ್ನು ಹೇಳಿದ್ದಾನೆ. ಪಿಟೀಲಿನ ಬಿಲ್ಲಿಗೆ ಇಂದು ಮೈಸೂರು, ಬೆಂಗಳೂರಿನ ವಿದ್ವಾಂಸರು ಬಳಸುವ ಕಮಾನು ಎಂಬ ಪದ ಪಾರಸಿಯದು. ಪಾರಸಿಯಲ್ಲಿ ಕಮಾನ್ ಎಂದರೆ ಬಿಲ್ಲು. ಇರಾನಿನ ಉಜ್ಜುವ ವಾದ್ಯವೊಂದರ ಹೆಸರು ಕಮಾಂಚೆ, ಎಂದರೆ ಚಿಕ್ಕ ಬಿಲ್ಲು. ಬಹಮನಿಗಳ ರಾಜಧಾನಿಯಾದ ಬೀದರಿನಲ್ಲಿ ಪಾರಸಿ ದರ್ಬಾರದ ಭಾಷೆಯಾಗಿತ್ತು, ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಬಾಗಿದ ಬಾಗಿಲುಗಳಿಗೂ ನಾವು ಕಮಾನು ಎಂದೇ ಅನ್ನುತ್ತೇವೆ. ದಖ್ಖನಿನ ಸುಲ್ತಾನರ ಕಾಲದಲ್ಲಿ ಕನ್ನಡದಲ್ಲಿ ನೆಲೆಯೂರಿದ ಈ ಪದ, ಆಮೇಲೆ ಬಂದ ಇಂಗ್ಲಿಷ್ ವಾದ್ಯಕ್ಕೆ ಒದಗಿತು.

ಹೀಗೆ ನೋಡಿದರೆ ಪಿಟೀಲಿನ ಹೆಸರು ಮಾತ್ರ ಇಂಗ್ಲಿಷಿನದು, ಅಂಗಾಂಗವೆಲ್ಲ ನಮ್ಮದಾಗಿದೆ. ತಂತಿ ಎಂಬ ಪದ ಸಂಸ್ಕೃತದ ತಂತ್ರಿಯಿಂದ ಬಂತು. ತಂತಿ ಬಿಗಿಯುವ ಗೂಟಗಳಿಗೆ ಬಿರಡೆ, ತಂತಿಯನ್ನು ಹೊರುವ ಸೇತುವೆಗೆ ಕುದುರೆ ಎಂಬ ಹೆಸರುಗಳು ವೀಣೆಯಿಂದ ಇಳಿದುಬಂದವು. ವಾದಕರು ನಿಲ್ಲುವುದನ್ನು ಬಿಟ್ಟು ಚಕ್ಕಳಮಕ್ಕಳ ಹಾಕಿ ಕೂತರು, ವಾದ್ಯದ ತುದಿಯನ್ನು ಬಲಗಾಲಿನ ಮೇಲೆ ಊರಿದರು. ಹಾಗೆ ಊರಿದ್ದರಿಂದ ಎಡಗೈಗೆ ಭಾರ ಹೊರುವ ಕೆಲಸ ತಪ್ಪಿ, ಬೆರಳು ತಂತಿಯ ಮೇಲೆ ಜಾರಿ ಗಮಕ ನುಡಿಸಲು ಸಾಧ್ಯವಾಯಿತು. ತಂತಿಗಳ ಶ್ರುತಿಯೂ ಷಡ್ಜ ಪಂಚಮಗಳಿಗೆ ಬದಲಾಯಿತು. ಮನುಷ್ಯನ ಕೊರಳನ್ನು ಇಷ್ಟು ಹತ್ತಿರದಿಂದ ಹಿಂಬಾಲಿಸುವ ಬೇರೆ ಪಕ್ಕವಾದ್ಯ ಇರಲಿಲ್ಲವಾದ್ದರಿಂದ ಹಾಡುಗಾರರು ಅದನ್ನು ಬಿಡಲಿಲ್ಲ.

ಕನ್ನಡ ನಾಡಿನಲ್ಲಿ ಇದರ ಹಳೆಯ ಗುರುತಿಗೆ ಸಂಗೀತ ಇತಿಹಾಸಕಾರರು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯನ್ನು ತೋರಿಸುತ್ತಾರೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಮನೆಯ ಗೋಡೆಚಿತ್ರಗಳಲ್ಲಿ ಪಿಟೀಲು ಹಿಡಿದ ಹೆಣ್ಣೊಬ್ಬಳಿದ್ದಾಳೆ. ಮುಂದೆ ಮೈಸೂರು ಆಸ್ಥಾನ ಈ ವಾದ್ಯವನ್ನು ಸಾಕಿತು. ಆಸ್ಥಾನ ವಿದ್ವಾಂಸರಾಗಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ಪಾಶ್ಚಾತ್ಯ ಧಾಟಿಯಲ್ಲಿ ಕಟ್ಟಿದ ರಚನೆಗೆ ಇಂಗ್ಲಿಷ್ ನೋಟ್ ಎಂದೇ ಹೆಸರು. ಕಚೇರಿಯ ಕೊನೆಯಲ್ಲಿ ಪಿಟೀಲಿನವರು ಅದನ್ನು ನುಡಿಸಿದರೆ ಇಂದೂ ಸಭೆ ಚುರುಕಾಗುತ್ತದೆ. ಕುಣಿತದ ಹಳೆಯ ಲಯ ಅಲ್ಲಿ ಮತ್ತೆ ತಲೆಯೆತ್ತುತ್ತದೆ.

ಪದದ ಶಿಖರ ಮಾತ್ರ ತಿರುಮಕೂಡಲು ನರಸೀಪುರದ ಕಡೆಯ ಟಿ. ಚೌಡಯ್ಯ. 1895ರಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರಲ್ಲಿ ಕಲಿತು, ದಕ್ಷಿಣದ ದೊಡ್ಡ ಹಾಡುಗಾರರಿಗೆಲ್ಲ ಪಕ್ಕವಾದ್ಯ ನುಡಿಸಿದ ವಿದ್ವಾಂಸರು ಅವರು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಸಭೆಯ ಹಿಂದಿನ ಸಾಲಿಗೆ ನಾದ ಮುಟ್ಟುತ್ತಿರಲಿಲ್ಲ. ಅದಕ್ಕಾಗಿ ಅವರು ನಾಲ್ಕು ತಂತಿಯ ಜಾಗದಲ್ಲಿ ಏಳು ತಂತಿಯ ಪಿಟೀಲು ರೂಪಿಸಿದರು. 1957ರಲ್ಲಿ ಸಂಗೀತ ಕಲಾನಿಧಿ ಬಿರುದು ಪಡೆದರು, 1967ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ನೆನಪಿನ ಸಭಾಂಗಣವನ್ನು ಪಿಟೀಲಿನ ಆಕಾರದಲ್ಲೇ ಕಟ್ಟಲಾಗಿದೆ. ಜನ ಅವರನ್ನು ಕರೆದದ್ದು ಪಿಟೀಲು ಚೌಡಯ್ಯ ಎಂದು. ವೀಣೆ ಶೇಷಣ್ಣ, ವೀಣೆ ಸುಬ್ಬಣ್ಣ ಎಂಬ ಹೆಸರುಗಳ ಸಾಲಿಗೆ, ಅವುಗಳಿಗೂ ಹಿಂದಿನ ಕಿನ್ನರಿ ಬೊಮ್ಮಯ್ಯನ ಸಾಲಿಗೆ ಪಿಟೀಲು ಸೇರಿತು. ಇಂಗ್ಲೆಂಡಿನಲ್ಲಿ ತಾತ್ಸಾರಕ್ಕೆ ಗುರಿಯಾದ ಹೆಸರು ಕನ್ನಡದಲ್ಲಿ ಬಿರುದಾಯಿತು.

ಅಕ್ಕಪಕ್ಕದ ಭಾಷೆಗಳು ಬೇರೆ ದಾರಿ ಹಿಡಿದವು. ಗೋವೆಯ ಕೊಂಕಣಿಯಲ್ಲಿ ಈ ವಾದ್ಯ ರೆಬೆಕ್. ಅದು ಪೋರ್ಚುಗೀಸರ ರಬೆಕಾ, ಅದರ ಮೂಲ ಅರಬರ ರಬಾಬ್. ಹಿಂದಿಯಲ್ಲಿ ಬೇಲಾ ಎಂಬ ಹೆಸರೂ ಇದೆ. ಬೀದರ ಸೀಮೆಗೆ ಮಾತ್ರ ವಾದ್ಯಕ್ಕಿಂತ ಪದವೇ ಮೊದಲು ಬಂತು. ನಮ್ಮ ಭಜನಾ ಮೇಳಗಳಲ್ಲಿ ಪಕ್ಕಕ್ಕೆ ನಿಂತದ್ದು ಪೇಟಿ, ತಬಲಾ, ತಾಳ. ಪಿಟೀಲು ನೋಡದವರ ಬಾಯಲ್ಲೂ ನೀರೋನ ಗಾದೆ ಇತ್ತು. ಹಳೇ ಮೈಸೂರಿನವರಿಗೆ ಪಿಟೀಲು ಎಂದೊಡನೆ ಚೌಡಯ್ಯ ನೆನಪಾದರೆ, ನಮ್ಮಲ್ಲಿ ಮೊದಲು ನೆನಪಾಗುವವನು ನೀರೋ.

ಈಗ ಪದ ಮತ್ತೆ ಇಳಿಜಾರಿನಲ್ಲಿದೆ. ಕಚೇರಿಯ ಆಮಂತ್ರಣ ಪತ್ರಿಕೆಗಳಲ್ಲಿ, ಸಂಗೀತ ಶಾಲೆಗಳ ಫಲಕಗಳಲ್ಲಿ, ಪತ್ರಿಕೆಯ ವರದಿಗಳಲ್ಲಿ ವಯೊಲಿನ್ ಎಂದೇ ಬರೆಯುತ್ತಾರೆ. ಪಿಟೀಲು ಉಳಿದಿರುವುದು ಮುಖ್ಯವಾಗಿ ನೀರೋನ ಗಾದೆಯಲ್ಲಿ, ಮತ್ತು ಸುಮ್ಮನೆ ತಲೆ ತಿನ್ನುವವರನ್ನು ‘ಪಿಟೀಲು ಕುಯ್ಯುತ್ತಾನೆ’ ಎಂದು ಹಂಗಿಸುವ ಮಾತಿನಲ್ಲಿ. ಮೂರುವರೆ ಶತಮಾನದ ಹಿಂದೆ ಇಂಗ್ಲೆಂಡಿನಲ್ಲಿ ನಡೆದದ್ದನ್ನೇ ನಾವು ಇಲ್ಲಿ ಮತ್ತೆ ಮಾಡುತ್ತಿದ್ದೇವೆ. ಗೌರವಕ್ಕೆ ವಯೊಲಿನ್, ಹಂಗಿಸಲು ಪಿಟೀಲು ಎಂದು ಒಂದೇ ವಾದ್ಯವನ್ನು ಎರಡು ಮಾಡುತ್ತಿದ್ದೇವೆ. ಅವರಿಗಾದರೂ ಎರಡೂ ಹೆಸರು ಉಳಿದವು. ಹಳ್ಳಿಯ ಫಿಡಲಿಗರು ತಮ್ಮ ಪದವನ್ನು ಬಿಡದೆ ಹಿಡಿದದ್ದರಿಂದ ಇಂದು ಜನಪದ ಸಂಗೀತದವರಿಗೆ ಅದು ಹೆಮ್ಮೆಯ ಹೆಸರಾಗಿದೆ. ನಮ್ಮಲ್ಲಿ ಪಿಟೀಲು ಬಿಟ್ಟುಹೋದರೆ ಅದನ್ನು ಹಿಡಿದುಕೊಳ್ಳುವ ಬೇರೆ ಮನೆಯಿಲ್ಲ.

ವಯೊಲಿನ್ ಎಂಬುದು ಇಂಗ್ಲಿಷಿನ ಉಚ್ಚಾರದಲ್ಲೇ ಉಳಿದ ಪದ. ಪಿಟೀಲು ನಮ್ಮ ನಾಲಗೆಗೆ ಒಗ್ಗಿ, ನಮ್ಮ ವಿಭಕ್ತಿ ಪ್ರತ್ಯಯಗಳನ್ನು ತೊಟ್ಟು, ನಮ್ಮ ಒಬ್ಬ ಮಹಾವಾದಕರ ಹೆಸರಿಗೆ ಮುಕುಟವಾಗಿ, ಬೈಗುಳಕ್ಕೂ ಗಾದೆಗೂ ಒದಗಿದ ಪದ. ಇಷ್ಟೆಲ್ಲ ಕೆಲಸ ಮಾಡಿದ ಪದವನ್ನು ಪರಭಾಷೆಯದು ಎನ್ನುವುದು ಅನ್ಯಾಯ. ಅದು ಕನ್ನಡದ್ದೇ.

ಆದ್ದರಿಂದ ಎರಡು ಕೋರಿಕೆ. ಆಮಂತ್ರಣ ಬರೆಯುವವರು, ವರದಿ ಮಾಡುವವರು, ಪಾಠ ಹೇಳುವ ಶಿಕ್ಷಕರು ವಾದಕರ ಹೆಸರಿನ ಮುಂದೆ ಪಿಟೀಲು ಎಂದು ಮತ್ತೆ ಬರೆಯಲಿ. ಸಂತಪುರದ ಕಡೆಯ ಶಾಲೆಗಳಲ್ಲಿ ನೀರೋನ ಗಾದೆ ಹೇಳುವ ದಿನವೇ ಮಕ್ಕಳಿಗೆ ಚೌಡಯ್ಯನವರ ಏಳು ತಂತಿಯ ನಾದವನ್ನೂ ಕೇಳಿಸಲಿ. ಊರು ಉರಿಯುವಾಗ ಬಾರಿಸಿದ್ದು ಎಂದಷ್ಟೇ ಗೊತ್ತಿರುವ ವಾದ್ಯ ಎಷ್ಟು ಚೆನ್ನಾಗಿ ನುಡಿಯುತ್ತದೆ ಎಂಬುದು ಬೀದರಿನ ಮಕ್ಕಳಿಗೂ ಗೊತ್ತಾಗಬೇಕು.